ಅಮರಸುಳ್ಯ ಸೀಮೆಯ ಕುಟುಂಬಗಳ ಮೂಲಶೋಧ: ಕಡತ, ಕಾರ್ಣವರು ಮತ್ತು ಮೌನ

ಪುತ್ತೂರು, ಸುಳ್ಯ ಹಾಗೂ ಕಡಬ ಪರಿಸರದ ಗೌಡ ಕುಟುಂಬಗಳ ತರವಾಡು ಮನೆಗಳಲ್ಲಿ ಗತಿಸಿದ ಹಿರಿಯರಿಗೆ ಅಗೆಲು ಬಡಿಸುವಾಗ ಎಲೆಗಳ ಸಂಖ್ಯೆಗೆ ಒಂದು ಲೆಕ್ಕವಿರುತ್ತದೆ. ತೀರಿಹೋದ ತಂದೆ, ಅಜ್ಜ, ಮುತ್ತಜ್ಜ, ಅವರ ಮಡದಿಯರು ಎಂದು ಮೂರು ನಾಲ್ಕು ತಲೆಗಳವರೆಗೆ ಹೆಸರು ಹಿಡಿದು ನೆನೆಯುವುದುಂಟು. ಅಲ್ಲಿಂದ ಹಿಂದಕ್ಕೆ ಹೆಸರುಗಳಿಲ್ಲ. ಎಲ್ಲರೂ ಸೇರಿ ‘ಗುರುಕಾರ್ಣವರು’ ಎಂಬ ಒಂದೇ ಪದದೊಳಗೆ ಅಡಗುತ್ತಾರೆ. ಅದಕ್ಕೂ ಹಿಂದಿನ ಕಾಲವನ್ನು ಕೇಳಿದರೆ ‘ಗಟ್ಟದ ಮೇಲಿನಿಂದ ಬಂದವರು, ಐಗೂರು ಸೀಮೆಯವರು’ ಎಂಬ ಉತ್ತರ ದೊರೆಯುತ್ತದೆ. ನಾಲ್ಕನೆಯ ತಲೆಮಾರಿನ ಅಜ್ಜನಿಗೂ ಘಟ್ಟವಿಳಿದು ಬಂದ ಮೂಲಪುರುಷನಿಗೂ ನಡುವೆ ಎಷ್ಟು ಶತಮಾನಗಳಿವೆ, ಎಷ್ಟು ಮನೆಗಳಿವೆ, ಯಾರ ಹೆಸರುಗಳಿವೆ ಎಂಬ ಪ್ರಶ್ನೆಗೆ ಕುಟುಂಬದ ನೆನಪು ಮೌನವಾಗಿದೆ. ಈ ಮೌನವನ್ನು ಲಿಖಿತ ದಾಖಲೆಗಳು ಎಷ್ಟರಮಟ್ಟಿಗೆ ಮುರಿಯಬಲ್ಲವು, ಎಲ್ಲಿ ಅವೂ ಮೌನವಾಗುತ್ತವೆ ಎಂಬುದು ಇಲ್ಲಿನ ವಿಚಾರ.

ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಗೆ ಹೊಸ ಒತ್ತಡ ಬಂದಿದೆ. ತರವಾಡು ಮನೆಗಳು ಜೀರ್ಣೋದ್ಧಾರಗೊಳ್ಳುತ್ತಿವೆ, ಕುಟುಂಬದ ದೈವಗಳಿಗೆ ಹೊಸ ಗುಡಿಗಳಾಗುತ್ತಿವೆ, ಆ ಸಂದರ್ಭಗಳಲ್ಲಿ ವಂಶವೃಕ್ಷಗಳನ್ನೊಳಗೊಂಡ ಸ್ಮರಣಸಂಚಿಕೆಗಳು ಅಚ್ಚಾಗುತ್ತಿವೆ. ಬೆಂಗಳೂರು, ಮುಂಬಯಿ, ಅಮೆರಿಕಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ತಮ್ಮ ಬೇರು ಎಲ್ಲಿಯದೆಂದು ಕೇಳುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಇಂತಹ ಸಂಚಿಕೆಗಳಲ್ಲಿ ಅನೇಕವು ಅಜ್ಜನ ಅಜ್ಜನಿಂದ ಒಮ್ಮೆಗೇ ಗಂಗರಸರಿಗೋ ವಿಜಯನಗರದ ದಂಡನಾಯಕರಿಗೋ ಹಾರುತ್ತವೆ. ನಡುವಿನ ಕಂದಕವನ್ನು ಕೆಲವೊಮ್ಮೆ ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದ ವಿವರಗಳಿಂದ ತುಂಬಲಾಗುತ್ತದೆ. ಪ್ರಶ್ನಾಚಿಂತನೆಗೆ ನಂಬುವವರ ಬದುಕಿನಲ್ಲಿ ಅದರದೇ ಸ್ಥಾನವಿದೆ. ಚರಿತ್ರೆಯ ಆಧಾರವೆಂದು ಅದನ್ನು ಎಣಿಸಲು ಬಾರದು. ದೈವದ ಸಾನಿಧ್ಯ ಎಲ್ಲಿದೆಯೆಂದು ಹೇಳುವ ಮಾತು ಬೇರೆ, ಕ್ರಿ.ಶ. 1700ರಲ್ಲಿ ಆ ಜಮೀನಿನ ಕಂದಾಯ ಕಟ್ಟಿದವನು ಯಾರೆಂದು ಹೇಳುವ ಕಾಗದ ಬೇರೆ.

ಐಗೂರು ಸೀಮೆಯ ಐತಿಹ್ಯವನ್ನೇ ಮೊದಲು ನೋಡಬಹುದು. ಇಂದಿನ ಸಕಲೇಶಪುರದ ಆಸುಪಾಸಿನ ಐಗೂರು ಸೀಮೆಯಿಂದ ಬಿಸಿಲೆ, ಶಿರಾಡಿಗಳ ಕಡೆಯ ದಾರಿಗಳಲ್ಲಿ ಗೌಡರು ಘಟ್ಟವಿಳಿದು ಬಂದರೆಂಬ ನಂಬಿಕೆ ಈ ಪ್ರದೇಶದ ಬಹುತೇಕ ಮನೆಗಳಲ್ಲಿದೆ. ಇದಕ್ಕೆ ಭಾಷೆಯ ಬೆಂಬಲ ಬಲವಾಗಿದೆ. ಸುತ್ತಲೂ ತುಳು ಆಡುವ ಜನರಿದ್ದರೂ ಸುಳ್ಯದ ಹಾಗೂ ಕೊಡಗಿನ ಗೌಡರು ಮನೆಯೊಳಗೆ ಉಳಿಸಿಕೊಂಡದ್ದು ಕನ್ನಡದ ಒಂದು ಉಪಭಾಷೆಯನ್ನು, ಅರೆಭಾಷೆಯನ್ನು. ಕೋಡಿ ಕುಶಾಲಪ್ಪ ಗೌಡರು ಈ ಭಾಷೆಯ ವರ್ಣನಾತ್ಮಕ ಅಧ್ಯಯನವನ್ನು ನಡೆಸಿದರು. ಅದು 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಪುತ್ತೂರು, ಬೆಳ್ತಂಗಡಿಗಳತ್ತ ಹೋದಂತೆ ಅದೇ ಜನಾಂಗದವರು ಮನೆಮಾತಾಗಿ ತುಳುವನ್ನು ಸ್ವೀಕರಿಸಿದ್ದಾರೆ. ಒಂದೇ ಬಳಿಯ ಎರಡು ಶಾಖೆಗಳಲ್ಲಿ ಒಂದು ಅರೆಭಾಷೆಯಲ್ಲೂ ಇನ್ನೊಂದು ತುಳುವಿನಲ್ಲೂ ಮಾತನಾಡುವುದು ಇಲ್ಲಿ ಸಾಮಾನ್ಯ. ಹೀಗಿರುವಾಗ ವಲಸೆ ನಡೆದುದು ದಿಟವೆಂದು ಒಪ್ಪಬಹುದು. ಅದು ಒಂದೇ ಸಲ, ಒಬ್ಬನೇ ನಾಯಕನ ಹಿಂದೆ, ಒಂದೇ ವರ್ಷದಲ್ಲಿ ನಡೆಯಿತೆಂದು ಒಪ್ಪಲು ಮಾತ್ರ ಆಧಾರವಿಲ್ಲ. ಘಟ್ಟದ ಮೇಲೂ ಕೆಳಗೂ ಕೆಳದಿಯ ಅರಸರ ಆಳ್ವಿಕೆ ಹಬ್ಬಿದ್ದ ಕಾಲದಲ್ಲಿ ಜನರ ಓಡಾಟ ತಲೆಮಾರುಗಳವರೆಗೆ ನಡೆದಿರುವುದೇ ಸಹಜ.

‘ಹತ್ತು ಕುಟುಂಬ, ಹದಿನೆಂಟು ಗೋತ್ರ’ ಎಂಬ ಗೌಡರ ಪ್ರಸಿದ್ಧ ಮಾತಿನಲ್ಲಿಯೂ ಇದೇ ಸೂಚನೆಯಿದೆ. ಇಲ್ಲಿ ಗೋತ್ರವೆಂದರೆ ಬಳಿ. ನಂದರ ಬಳಿ, ಲಿಂಗಾಯತ ಬಳಿ, ನಾಯರ್ ಬಳಿ, ಸೆಟ್ಟಿ ಬಳಿ ಮುಂತಾದ ಹೆಸರುಗಳನ್ನು ಗಮನಿಸಿದರೆ, ಬೇರೆ ಬೇರೆ ಮೂಲಗಳ ಮನೆಗಳು ಒಂದು ಒಕ್ಕಲು ಸಮುದಾಯವಾಗಿ ಕೂಡಿಕೊಂಡ ನೆನಪು ಅವುಗಳಲ್ಲಿ ಉಳಿದಿರಬಹುದೆಂದು ತೋರುತ್ತದೆ. ಎಲ್ಲರೂ ಒಬ್ಬ ಮೂಲಪುರುಷನ ಸಂತಾನವೆಂಬ ಆಸೆಗೆ ಬಳಿಯ ಹೆಸರುಗಳೇ ಅಡ್ಡ ಬರುತ್ತವೆ. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನನ ಸಂಪುಟಗಳು ಗೌಡರ ಬಳಿಗಳನ್ನಲ್ಲದೆ ಗ್ರಾಮಗೌಡ, ಒತ್ತುಗೌಡ, ಮಾಗಣೆಗೌಡ, ಅವರ ಮೇಲಿನ ಕಟ್ಟೆಮನೆ ಎಂಬ ಅಧಿಕಾರದ ಮೆಟ್ಟಿಲುಗಳನ್ನೂ ದಾಖಲಿಸಿವೆ. ಯಾವ ಮನೆ ಯಾವ ಕಟ್ಟೆಮನೆಗೆ ಸೇರಿತ್ತೆಂದು ತಿಳಿದರೆ, ಅದರ ಹಳೆಯ ಮಾಗಣೆ ಯಾವುದೆಂದು ತಿಳಿಯುತ್ತದೆ. ಮಾಗಣೆ ತಿಳಿಯದೆ ಕಡತಗಳ ಕೋಣೆಗೆ ಹೋದವನು ಬರಿಗೈಯಲ್ಲಿ ಮರಳುವುದೇ ಹೆಚ್ಚು.

ಏಕೆಂದರೆ ಈ ನೆಲದ ಆಡಳಿತದ ಗಡಿಗಳು ಮೇಲಿಂದ ಮೇಲೆ ಬದಲಾಗಿವೆ. ಇಂದಿನ ಕಡಬ ತಾಲೂಕು ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳಿಂದ ಈಚೆಗೆ ರೂಪುಗೊಂಡದ್ದು. ಸುಳ್ಯವಾದರೂ ಸ್ವಾತಂತ್ರ್ಯಾನಂತರ ಪುತ್ತೂರಿನಿಂದ ಬೇರ್ಪಟ್ಟ ತಾಲೂಕು. ಪುತ್ತೂರೆಂಬ ಹೆಸರಿನ ತಾಲೂಕನ್ನು 1894ರ ಸ್ಟರಕ್‌ನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿ ಹುಡುಕಿದರೆ ದೊರೆಯುವುದಿಲ್ಲ. ಅಲ್ಲಿರುವುದು ಉಪ್ಪಿನಂಗಡಿ ತಾಲೂಕು. ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿದ್ದರಿಂದ ಮೇಲ್ಮಟ್ಟದ ಕಂದಾಯ ಕಡತಗಳ ಬಹುಭಾಗ ಚೆನ್ನೈಯ ಪತ್ರಾಗಾರದಲ್ಲಿದೆ. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಸುಳ್ಯದ ಎಷ್ಟೋ ಮನೆಗಳ ನಂಟಸ್ತಿಕೆ ಗಡಿಯ ಆಚೆಗೆ ಉಳಿಯಿತು. ಊರಿನ ಹೆಸರೂ ಮೋಸಮಾಡುವುದುಂಟು. ಕಡಬದ ಪ್ರಾಚೀನತೆಗೆ ರಾಷ್ಟ್ರಕೂಟ ಗೋವಿಂದನ ‘ಕಡಬ ತಾಮ್ರಶಾಸನ’ವನ್ನು ಉದಾಹರಿಸಲು ಮನಸ್ಸಾಗುವುದು ಸಹಜವೇ. ಆದರೆ 9ನೆಯ ಶತಮಾನದ ಆರಂಭದ ಆ ಶಾಸನ ತುಮಕೂರು ಜಿಲ್ಲೆಯ ಕಡಬಕ್ಕೆ ಸೇರಿದ್ದು, ಕುಮಾರಧಾರೆಯ ಬಳಿಯ ಕಡಬಕ್ಕೆ ಅಲ್ಲ.

ಸುಳ್ಯದ ಕುಟುಂಬಗಳ ಶೋಧದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗಡಿ 1834ನೆಯ ಇಸವಿ. ಅಮರಸುಳ್ಯ ಮಾಗಣೆ ಕೆಳದಿಯ ಅರಸರಿಂದ ಕೊಡಗಿನ ಹಾಲೇರಿ ಅರಸರಿಗೆ ಬಂದಿತೆಂದು ಕೊಡಗಿನ ಪರಂಪರೆ ಹೇಳುತ್ತದೆ. ಪಂಜ, ಬೆಳ್ಳಾರೆಯ ಭಾಗಗಳನ್ನು ಕಂಪೆನಿ ಸರಕಾರ ದೊಡ್ಡ ವೀರರಾಜೇಂದ್ರನಿಗೆ ಬಿಟ್ಟುಕೊಟ್ಟಿತು. ಹೀಗೆ ಘಟ್ಟದ ಕೆಳಗಿನ ಈ ಮಾಗಣೆಗಳು ಮಡಿಕೇರಿಯ ಅರಮನೆಗೆ ಕಂದಾಯ ಸಲ್ಲಿಸುತ್ತಿದ್ದವು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಕಂದಾಯ ಲೆಕ್ಕಗಳನ್ನು ತರಿಸಿ ನೋಡಿ, 1800ರ ಮೇ 31ರಂದು ಬರೆದ ದೀರ್ಘ ಪತ್ರದಲ್ಲಿ ಇಲ್ಲಿನ ಭೂಮಿ ಬಹುಕಾಲದಿಂದ ಖಾಸಗಿ ಒಡೆತನದಲ್ಲಿತ್ತೆಂದು ವಾದಿಸಿದನು. ವಿಜಯನಗರದ ಕಾಲದಿಂದ ಬಂದದ್ದೆಂದು ಹೇಳಲಾದ ‘ರೇಖೆ’, ಅದರ ಮೇಲೆ ಮುಂದಿನ ಅರಸರು ಹೇರಿದ ‘ಶಾಮಿಲು’, 1819-20ರಲ್ಲಿ ಗೊತ್ತುಪಡಿಸಿದ ‘ತರಾವು’ ಇವೆಲ್ಲ ಕರಾವಳಿಯ ವರ್ಗಗಳ ಲೆಕ್ಕದಲ್ಲಿ ಬರುವ ಪದಗಳು. ಪುತ್ತೂರಿನ ಕಡೆಯ ಮೂಲವರ್ಗದ ಮನೆಯೊಂದು ಅದೃಷ್ಟವಿದ್ದರೆ ಈ ಲೆಕ್ಕಗಳಲ್ಲಿ ತನ್ನ ಹಿರಿಯನ ಹೆಸರನ್ನು ಕಂಡೀತು. ಅಮರಸುಳ್ಯದ ಮನೆಗೆ ಆ ಅದೃಷ್ಟವಿಲ್ಲ. ಮನ್ರೋವಿನ ಲೆಕ್ಕದಲ್ಲಿ ಅದು ಇರಲೇ ಇಲ್ಲ. 1834ಕ್ಕೆ ಹಿಂದಿನ ಆ ಮನೆಯ ಹೆಜ್ಜೆಗಳನ್ನು ಮಂಗಳೂರಿನ ಕಡತಗಳಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಬಿಟ್ಟವರಿದ್ದಾರೆ. ಅವರು ಹುಡುಕಬೇಕಾಗಿದ್ದುದು ಕೊಡಗಿನ ಕಡತಗಳಲ್ಲಿ.

ಕೊಡಗಿನ ಕಡತಗಳೆಂದರೆ ಅವೂ ಅರಸನ ದೃಷ್ಟಿಯವೇ. ದೊಡ್ಡ ವೀರರಾಜೇಂದ್ರನ ಅಪ್ಪಣೆಯಂತೆ 19ನೆಯ ಶತಮಾನದ ಆರಂಭದಲ್ಲಿ ರಚಿತವಾದ ‘ರಾಜೇಂದ್ರನಾಮೆ’ ಯುದ್ಧ, ದಾನ, ನಿಷ್ಠೆಗಳ ಕಥೆ. ಅದರಲ್ಲಿ ಒಕ್ಕಲು ಮನೆಗಳ ಪೀಳಿಗೆ ಸಿಗದು. ಲಿಂಗರಾಜೇಂದ್ರನ ಕಾಲದ ಭೂಮಿಯ ಶಿಸ್ತಿನ ಲೆಕ್ಕ ಇದಕ್ಕಿಂತ ಉಪಯುಕ್ತ. ಸುಳ್ಯದಿಂದ ಮೇಲಕ್ಕೆ ಹೋಗಿ ಕೊಡಗಿನಲ್ಲಿ ನೆಲೆಸಿದ ಗೌಡ ಶಾಖೆಗಳಿಗೆ ಇಂತಹ ಭೂಲೆಕ್ಕವೇ ಮೊದಲ ಗಟ್ಟಿ ಮೆಟ್ಟಿಲಾಗಬಲ್ಲದು. ಮೇಲಿನ ಶಾಖೆಯ ಐನ್‌ಮನೆಯಲ್ಲಿ ಉಳಿದ ಕಾಗದ ಕೆಳಗಿನ ತರವಾಡಿನ ಹೆಸರನ್ನು ಹೇಳುವ ಸಾಧ್ಯತೆಯೂ ಇದೆ. ಘಟ್ಟವಿಳಿದು ಬಂದವರ ಮೊಮ್ಮಕ್ಕಳು ಮತ್ತೆ ಘಟ್ಟ ಹತ್ತಿದರೆಂಬ ಸಂಗತಿ ಮೂಲಶೋಧವನ್ನು ಸರಳರೇಖೆಯಂತೆ ಕಲ್ಪಿಸುವವರಿಗೆ ಒಳ್ಳೆಯ ಎಚ್ಚರಿಕೆ.

ಚಿಕ್ಕ ವೀರರಾಜೇಂದ್ರನನ್ನು 1834ರ ಏಪ್ರಿಲಿನಲ್ಲಿ ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಘಟ್ಟದ ಕೆಳಗಿನ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಅರಸನ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಕಟ್ಟಬೇಕೆಂದಾಯಿತು. ಅಕ್ಕಿ ಮುಡಿ ಕಟ್ಟಿ ಕೊಡುವ ಒಕ್ಕಲಿಗೆ ನಾಣ್ಯ ತರುವುದು ಎಲ್ಲಿಂದ? ಬೆಲೆ ಕುಸಿದಾಗ ಅದೇ ಕಂದಾಯಕ್ಕೆ ಹೆಚ್ಚು ಮುಡಿ ಮಾರಬೇಕಾಗುತ್ತಿತ್ತು. 1837ರ ಅಮರಸುಳ್ಯದ ದಂಗೆಗೆ ಇದೊಂದು ಪ್ರಬಲ ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಕುಟುಂಬಗಳ ಚರಿತ್ರೆಯ ದೃಷ್ಟಿಯಿಂದ ಈ ದಂಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಅಲ್ಲಿಯವರೆಗೆ ಅರಸರ ಬರಹಗಳಲ್ಲಿ ಮುಖವಿಲ್ಲದೆ ಇದ್ದ ಒಕ್ಕಲು ಮನೆಗಳು ಮೊದಲ ಬಾರಿಗೆ ಮನೆಹೆಸರಿನ ಸಹಿತ ಸರಕಾರದ ಕಡತಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೆದಂಬಾಡಿ ರಾಮಯ್ಯ ಗೌಡ, ಕುಡೆಕಲ್ಲು ಪುಟ್ಟ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಎಂಬ ಹೆಸರುಗಳಲ್ಲಿ ಮೊದಲ ಪದ ಮನೆಯದು. ದಂಗೆಕೋರರನ್ನು ಗುರುತಿಸಲು, ಹಿಡಿಯಲು, ವಿಚಾರಿಸಲು ಮನೆಹೆಸರು ಬೇಕಿತ್ತು. ಕುಟುಂಬದ ನೆನಪು ಕಳೆದುಕೊಂಡದ್ದನ್ನು ವಿಚಾರಣೆಯ ಕಡತ ಉಳಿಸಿತು.

ಮಾರ್ಚ್ ಅಂತ್ಯದಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ಪಡೆ ಏಪ್ರಿಲ್ 5ರಂದು ಮಂಗಳೂರನ್ನು ಸೇರಿತು. ಹದಿಮೂರು ದಿನಗಳ ಆಳ್ವಿಕೆಯ ಅನಂತರ ಅದು ಚದುರಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದಾಳಾಗಿದ್ದ ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಅನೇಕರು ಸಮುದ್ರದಾಚೆಗೆ ಗಡಿಪಾರಾದರು. ಗಡಿಪಾರಾದವನ ಹೆಸರು ವಂಶವೃಕ್ಷದಲ್ಲಿ ಒಣಗಿದ ಕೊಂಬೆಯಂತೆ ನಿಲ್ಲುತ್ತದೆ. ಎಷ್ಟೋ ಕಡೆ ಆ ಕೊಂಬೆಯನ್ನೇ ಕಡಿದುಹಾಕಿದಂತಿದೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಜನರ ಬಾಯಲ್ಲಿ ಈ ಘಟನೆಗೆ ಬಹುಕಾಲ ಇದ್ದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ದೊಂಬಿ. ದಾರಿಯಲ್ಲಿ ಅಕ್ಕಿ ಒಡವೆ ಕಳೆದುಕೊಂಡ ಮನೆಯವರು ಅದನ್ನು ಹಾಗೆ ನೆನೆದರು. ಸರಕಾರದ ಕಡತ ‘ಬಂಡುಕೋರರು’ ಎಂದಿತು. ಪಾಲ್ಗೊಂಡ ಮನೆಗಳು ಮಾತನಾಡದೆ ಉಳಿದವು. ಹಿರಿಯನೊಬ್ಬ ಗಲ್ಲಿಗೇರಿದನೆಂಬುದು ಒಂದು ಕಾಲದಲ್ಲಿ ಮುಚ್ಚಿಡಬೇಕಾದ ಸಂಗತಿಯಾಗಿತ್ತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಳೀಯ ವಿದ್ವಾಂಸರು ಕಡತಗಳನ್ನೂ ಬಾಯ್ಮಾತನ್ನೂ ಕೂಡಿಸಿ ಅದನ್ನು ರೈತರ ಸ್ವಾತಂತ್ರ್ಯ ಸಮರವೆಂದು ನಿರೂಪಿಸಿದರು. ಎನ್.ಎಸ್. ದೇವಿಪ್ರಸಾದ್ ಸಂಪಾಜೆ, ಪುರುಷೋತ್ತಮ ಬಿಳಿಮಲೆ ಮೊದಲಾದವರ ಕೆಲಸ ಈ ದಿಕ್ಕಿನಲ್ಲಿ ಸ್ಮರಣೀಯ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆ ಅನಾವರಣಗೊಂಡಿತು. ಈಗ ತೊಂದರೆ ಬೇರೆ ದಿಕ್ಕಿನಿಂದ ಬರುತ್ತದೆ. ಒಂದು ಕಾಲಕ್ಕೆ ಅಡಗಿಸಿಟ್ಟ ನಂಟನ್ನು ಈಗ ಪ್ರತಿಯೊಂದು ಮನೆಯೂ ಹುಡುಕುತ್ತಿದೆ. ಒಂದು ಮನೆಹೆಸರು ಒಂದೇ ಸ್ಥಳಕ್ಕೆ ಸೀಮಿತವೆಂದು ಹೇಳಲಾಗದು. ‘ಗುಡ್ಡೆಮನೆ’, ‘ಮೇಲಿನಮನೆ’, ‘ಹೊಸಮನೆ’ಗಳಂತಹವು ಮಲೆನಾಡಿನ ಸೆರಗಿನಲ್ಲಿ ಎಷ್ಟೋ ಇದ್ದಾವು. ಹೆಸರು ಕೂಡಿದ ಮಾತ್ರಕ್ಕೆ ರಕ್ತ ಕೂಡುವುದಿಲ್ಲ. ಗ್ರಾಮ, ಮಾಗಣೆ, ಬಳಿ, ಜಮೀನಿನ ಉತ್ತರಾಧಿಕಾರ ಈ ನಾಲ್ಕೂ ಹೊಂದಿಕೊಂಡಾಗ ಮಾತ್ರ ನಂಟನ್ನು ಒಪ್ಪುವುದು ಮರ್ಯಾದೆ.

ಕಡತ ಸಿಕ್ಕಿತೆಂದಾದರೂ ಅದನ್ನು ಓದುವುದು ಸುಲಭವಲ್ಲ. ಹಳೆಯ ಪತ್ರಗಳಲ್ಲಿ ಇಸವಿಯ ಬದಲಿಗೆ ಸಂವತ್ಸರದ ಹೆಸರಷ್ಟೇ ಇರುವುದುಂಟು. ‘ಹೇವಿಳಂಬಿ ಸಂವತ್ಸರ’ವೆಂದರೆ ಅದು 1777-78 ಆಗಬಹುದು, 1837-38 ಆಗಬಹುದು, 1897-98ಕ್ಕೂ ಆಗಬಹುದು. ಅರವತ್ತು ವರ್ಷಗಳ ತಪ್ಪೆಂದರೆ ಎರಡು ತಲೆಮಾರುಗಳ ತಪ್ಪು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿದ್ದ ಮನೆಗಳಲ್ಲಿ ಈ ತಪ್ಪು ಕಣ್ಣಿಗೇ ಬೀಳದು. ಸುಬ್ಬಪ್ಪ ಬಿನ್ ತಿಮ್ಮಪ್ಪ, ತಿಮ್ಮಪ್ಪ ಬಿನ್ ಸುಬ್ಬಪ್ಪ ಎಂದು ಹೆಸರುಗಳು ಸುತ್ತುತ್ತಲೇ ಇರುತ್ತವೆ. ಇಂತಹಲ್ಲಿ ನೆರವಾಗುವುದು ನಾಣ್ಯದ ಹೆಸರು. ವರಹದಲ್ಲಿ ಬರೆದ ಗೇಣಿಚೀಟಿ ರೂಪಾಯಿಯಲ್ಲಿ ಬರೆದುದಕ್ಕಿಂತ ಹಳೆಯದಾಗಿರುವ ಸಂಭವವೇ ಹೆಚ್ಚು. ಮದರಾಸು ಸರಕಾರದ ಕಂದಾಯ ಲೆಕ್ಕಗಳಲ್ಲಿ ಫಸಲಿ ವರ್ಷ ಬಳಕೆಯಲ್ಲಿತ್ತು. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಆರಂಭವಾಗುವ ಇಸವಿ ಸಿಗುತ್ತದೆ. ಅಮರಸುಳ್ಯ ಕನ್ನಡ ಜಿಲ್ಲೆಗೆ ಸೇರಿದ ಹೊಸತರ ವರ್ಷ 1834-35, ಎಂದರೆ ಫಸಲಿ 1244. ಹಾಗಾಗಿ ಈ ಸೀಮೆಯ ಶೋಧಕ್ಕೆ ಫಸಲಿ 1244 ಒಂದು ಹೊಸ್ತಿಲಿನಂತೆ.

ಅಳಿಯಸಂತಾನದ ಮನೆಗಳ ವಿಚಾರ ಇನ್ನೂ ಬೇರೆ. ಗೌಡರದು ಮಕ್ಕಳ ಸಂತಾನ. ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ಅಂತಹ ಮನೆಯ ವರ್ಗದ ಲೆಕ್ಕದಲ್ಲಿ ಒಂದರ ಹಿಂದೆ ಒಂದು ಬರುವ ಯಜಮಾನರ ಹೆಸರುಗಳನ್ನು ತಂದೆ-ಮಗ ಎಂದು ಜೋಡಿಸಿದರೆ ಇಡೀ ವೃಕ್ಷ ತಲೆಕೆಳಗಾಗುತ್ತದೆ. ವಿಪರ್ಯಾಸವೆಂದರೆ, ಜಗಳವಾಡಿದ ಕುಟುಂಬಗಳ ಚರಿತ್ರೆಯೇ ಹೆಚ್ಚು ಸ್ಪಷ್ಟ. ಪಾಲಿನ ದಾವೆ ನ್ಯಾಯಾಲಯಕ್ಕೆ ಹೋದಾಗ ಕವರುಗಳನ್ನು ಗುರುತಿಸಲು ವಂಶವೃಕ್ಷ ಸಲ್ಲಿಸಬೇಕಾಗುತ್ತಿತ್ತು. ಅದರಲ್ಲಿ ಮೂಲಸ್ತ್ರೀಯ ಹೆಸರೇ ಮೇಲ್ತುದಿಯಲ್ಲಿ. ಸೌಹಾರ್ದದಿಂದ ಬಾಳಿದ ಮನೆ ಇತಿಹಾಸಕಾರನಿಗೆ ಏನನ್ನೂ ಬಿಟ್ಟುಹೋಗುವುದಿಲ್ಲ.

ಮಕ್ಕಳ ಸಂತಾನದ ಮನೆಗಳಲ್ಲಿ ಹೆಂಗಸರ ಹೆಸರುಗಳ ಅಭಾವ ತೀವ್ರವಾದದ್ದು. ‘ಕೋಂ’ ಎಂಬ ಅಕ್ಷರದ ಹಿಂದೆ, ಇಂಥವನ ಹೆಂಡತಿಯೆಂದು ಅವರು ಎಲ್ಲಿಯೋ ಕಾಣಿಸಿಕೊಳ್ಳುತ್ತಾರೆ, ಅದೂ ವಿಧವೆಯಾಗಿ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ. ತಾಯಿಯ ಹೆಸರನ್ನು ಕ್ರಮವಾಗಿ ಬರೆದಿಟ್ಟವು ಕ್ರೈಸ್ತ ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕಗಳು. ಆದರೆ ಅಲ್ಲಿಯೂ ಒಂದು ಕಂದಕವಿದೆ. 1784ರಲ್ಲಿ ಕರಾವಳಿಯ ಕೆಥೊಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟು ಇಗರ್ಜಿಗಳು ನಾಶವಾದಾಗ ಹಿಂದಿನ ಪುಸ್ತಕಗಳಿಗೂ ಅದೇ ಗತಿಯಾಯಿತು. 1799ರ ನಂತರ ಮರಳಿದವರ ವಂಶಾವಳಿ ಸಾಮಾನ್ಯವಾಗಿ ಮರಳಿ ಬಂದವನಿಂದಲೇ ಆರಂಭವಾಗುತ್ತದೆ.

ಇಷ್ಟಾದರೂ ಇವರೆಲ್ಲರದು ಭೂಮಿಯೊಡನೆ ಹೆಸರು ಅಂಟಿಕೊಂಡವರ ಕಥೆ. ಮೂಲದಾಳುಗಳೆಂದು ಕರೆಸಿಕೊಂಡು ಒಡೆಯನ ಜಮೀನಿಗೆ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳ ಮೂಲಶೋಧ ಎಲ್ಲಿಂದ ಆರಂಭವಾಗಬೇಕು? 1801ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೃಷಿಯ ಜೀತದಾಳುಗಳನ್ನೂ ಅವರ ಬೆಲೆಯನ್ನೂ ಬರೆದಿಟ್ಟನು, ಹೆಸರುಗಳನ್ನಲ್ಲ. 1843ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತು. ಆದರೆ ಬಿಡುಗಡೆಗೊಂಡವರ ಪಟ್ಟಿಯನ್ನು ಯಾರೂ ಬರೆಯಲಿಲ್ಲ. 1871ರಿಂದ ನಡೆದ ಜನಗಣತಿಗಳ ಅಚ್ಚಾದ ಸಂಪುಟಗಳಲ್ಲಿ ಜಾತಿವಾರು ಸಂಖ್ಯೆಗಳಷ್ಟೇ ಇವೆ. ಅಮೆರಿಕದ ಉದಾಹರಣೆ ಇಲ್ಲಿ ಹೋಲಿಕೆಗೆ ತಕ್ಕದ್ದು. ಪೂರ್ವಿಕರ ಶೋಧಕ್ಕೆ ಅತ್ಯಂತ ಅನುಕೂಲವಾದ ದೇಶವೆಂದು ಹೆಸರಾದ ಅಲ್ಲಿಯೂ 1790ರ ಮೊದಲ ಜನಗಣತಿ ಮನೆಯ ಮುಖ್ಯಸ್ಥನ ಹೆಸರನ್ನು ಮಾತ್ರ ಬರೆಯಿತು. ಮನೆಯ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರು ಬಂದದ್ದು 1850ರಲ್ಲಿ. ಗುಲಾಮರನ್ನು ಅದೇ ವರ್ಷದ ಪಟ್ಟಿಗಳು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಎಣಿಸಿದವು. ಬಿಡುಗಡೆಯಾದ ಕಪ್ಪು ಜನರೆಲ್ಲ ಹೆಸರಿನಿಂದ ಕಾಣಿಸಿಕೊಂಡದ್ದು 1870ರ ಗಣತಿಯಲ್ಲಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳ ಶೋಧಕರು ಅದಕ್ಕೆ ಹಿಂದೆ ಹೋಗಬೇಕಾದರೆ ಒಡೆಯನ ಮನೆಯ ಉಯಿಲು, ಕ್ರಯಪತ್ರ, ಲೆಕ್ಕದ ಪುಸ್ತಕಗಳನ್ನೇ ನಂಬಬೇಕು. ದಕ್ಷಿಣ ಕನ್ನಡದ ಮೇರ, ಮುಗೇರ ಮೊದಲಾದ ಕುಟುಂಬಗಳಿಗೂ ದಾರಿ ಇರುವುದು ಹೀಗೆಯೇ. ಹಳೆಯ ಗುತ್ತುಮನೆಗಳ ಅಟ್ಟದ ಮೇಲಿನ ಓಲೆಗರಿ, ಕಡತಗಳಲ್ಲಿ ಜಮೀನಿನೊಡನೆ ಕೈಬದಲಾದ ಆಳುಗಳ ಹೆಸರಿರಬಹುದು. ಒಂದು ಮನೆಯ ಅಭಿಮಾನದ ಕಾಗದ ಇನ್ನೊಂದು ಮನೆಯ ಪೂರ್ವಿಕನ ಏಕೈಕ ಗುರುತಾಗಬಲ್ಲದೆಂಬ ಕಾರಣಕ್ಕಾದರೂ ಅವುಗಳನ್ನು ಗೆದ್ದಲಿಗೆ ಬಿಡಬಾರದು.

ಬರಹವಿಲ್ಲದ ಕಡೆ ಪಾಡ್ದನಗಳಿವೆ ಎಂಬುದೂ ನಿಜ. ಪಡುಮಲೆ, ಪಂಜ, ಎಣ್ಮೂರುಗಳ ನಡುವೆ ಸಂಚರಿಸುವ ಕೋಟಿ ಚೆನ್ನಯರ ಪಾಡ್ದನ ಇದೇ ನೆಲದ್ದು. ಅದರ ಆರಂಭದಲ್ಲಿರುವವಳು ತಾಯಿ ದೇಯಿ ಬೈದೆತಿ. ಬಲ್ಲಾಳರ ಬೀಡು, ಗಡಿಯ ಗದ್ದೆ, ಕಂಬಳದ ಕೆರೆಗಳ ಸ್ಥಳನಾಮಗಳಲ್ಲಿ ಪಾಡ್ದನ ನಿಖರವಾಗಿದೆ. ಕಾಲದ ವಿಷಯದಲ್ಲಿ ಅದಕ್ಕೆ ಕಾಳಜಿಯಿಲ್ಲ. ಅದನ್ನು ಸ್ಥಳದ ದಾಖಲೆಯೆಂದು ಓದಬಹುದು, ಪೀಳಿಗೆಯ ಲೆಕ್ಕವೆಂದು ಓದಲಾಗದು. ಕುಟುಂಬದ ದೈವಗಳ ವಿಷಯಕ್ಕೂ ಇದು ಅನ್ವಯಿಸುತ್ತದೆ. ಶಿರಾಡಿ ದೈವವನ್ನು ನಂಬಿದ ಮನೆಗೂ ಶಿರಾಡಿಯ ದಾರಿಗೂ ನಂಟಿದ್ದೀತು. ಆ ದೈವವನ್ನು ಮದುವೆಯಾಗಿ ಬಂದ ಹೆಣ್ಣಿನ ತವರು ಕಳಿಸಿಕೊಟ್ಟಿರಲೂಬಹುದು.

ತೀರ ಈಚಿನದೆಂಬ ಕಾರಣಕ್ಕೆ ಶೋಧಕರು ಅಲಕ್ಷಿಸುವ ಒಂದು ಆಕರವಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳೇ ಅದು. ಚಾಲಗೇಣಿಯ ಒಕ್ಕಲಿನ ಹೆಸರು ಹಳೆಯ ಕಂದಾಯದ ಲೆಕ್ಕದಲ್ಲಿ ಬರುತ್ತಿರಲಿಲ್ಲ, ಅಲ್ಲಿದ್ದುದು ವರ್ಗದಾರನದು. ಅರ್ಜಿ ಸಲ್ಲಿಸಲು ಇದ್ದ ಕೊನೆಯ ಗಡುವು 1979ರ ಜೂನ್ 30. ಆ ಐದು ವರ್ಷಗಳಲ್ಲಿ ಅನೇಕ ಗೇಣಿ ಕುಟುಂಬಗಳು ಮೊದಲ ಬಾರಿಗೆ ತಮ್ಮ ಬಗ್ಗೆ ತಾವೇ ಸರಕಾರಕ್ಕೆ ಬರೆದುಕೊಟ್ಟವು: ಯಾವ ಗದ್ದೆ, ಯಾರ ಕಾಲದಿಂದ, ಎಷ್ಟು ಮುಡಿ ಗೇಣಿ. ವಿಚಾರಣೆಯಲ್ಲಿ ಅಜ್ಜ ಮುತ್ತಜ್ಜರ ಹೆಸರು ಹೇಳಲಾಯಿತು, ನೆರೆಯವರು ಸಾಕ್ಷಿ ನುಡಿದರು, ಒಡೆಯನ ಕಡೆಯವರು ಅಲ್ಲಗಳೆದರು. 1900ರ ಆಸುಪಾಸಿನಲ್ಲಿ ಗುಡಿಸಲು ಕಟ್ಟಿಕೊಂಡ ಒಕ್ಕಲೊಬ್ಬನ ಹೆಸರು ಬರವಣಿಗೆಗೆ ಇಳಿದದ್ದು ಹೀಗೆ, ಅವನು ಸತ್ತು ದಶಕಗಳಾದ ಮೇಲೆ, ಮೊಮ್ಮಗನ ಹೇಳಿಕೆಯಲ್ಲಿ. ಈ ಕಡತಗಳ ಕಾಗದ ಕಳಪೆಯದು. ಮಳೆನಾಡಿನ ತೇವದಲ್ಲಿ ಅವು ಓಲೆಗರಿಗಿಂತ ಬೇಗ ಹಾಳಾಗುತ್ತವೆ. ರಾಜೇಂದ್ರನಾಮೆಯ ಪ್ರತಿಗಳು ಉಳಿದಿವೆ, ಮನ್ರೋವಿನ ಪತ್ರ ಅಚ್ಚಾಗಿದೆ. ನಮೂನೆ 7ರ ಹೇಳಿಕೆಗಳಿಗೆ ಆ ಭಾಗ್ಯವಿಲ್ಲ. ಅವುಗಳನ್ನು ಬರೆದುಕೊಟ್ಟವರಲ್ಲಿ ಬದುಕಿರುವವರು ಈಗ ಎಂಬತ್ತರ ಆಚೀಚೆಯ ವಯಸ್ಸಿನವರು. ಕೇಳಬೇಕಾದುದನ್ನು ಅವರಲ್ಲಿ ಈಗಲೇ ಕೇಳಬೇಕಾಗಿದೆ.